ಪಾಲಿಕಾರ್ಬೊನೇಟ್ ಕಾಲುಗಳು ನಿಂತಲ್ಲೇ ಬಿರಿದಿವೆ: ಕಾರಣವೇನು, ಯಾರ ಮಾತನ್ನು ನಂಬಬೇಕು?

ಆರುಕಾಲಿ

ಎಲ್ಲರಿಗೂ ನಮಸ್ಕಾರ. ಕಳೆದ ನಾಲ್ಕು ತಿಂಗಳಿಂದ ಬಿಡುವಿನ ವೇಳೆಯಲ್ಲಿ ಆರು ಕಾಲುಗಳ ಮೇಲೆ ನಡೆಯುವ ರೋಬೋಟ್ ಒಂದನ್ನು ಕಟ್ಟುತ್ತಿದ್ದೇನೆ. ಕಾಲಿಗೆ ಮೂರರಂತೆ ಒಟ್ಟು 18 ಸರ್ವೋಗಳಿವೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟರುಗಳು). ಕಾಲಿನ ಭಾಗಗಳನ್ನು 3 ಮಿಮೀ ದಪ್ಪದ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಕೈಗರಗಸದಲ್ಲಿ ಕತ್ತರಿಸಿ, ಅಂಚುಗಳನ್ನು ಅರದಿಂದ ಉಜ್ಜಿ, 3 ಮಿಮೀ ವ್ಯಾಸದ ಎಂ3 ತಿರುಪುಗಳಿಂದ ಜೋಡಿಸಿದ್ದೆ. ಸುತ್ತಿಗೆಯಿಂದ ಹೊಡೆದರೂ ಒಡೆಯದ ವಸ್ತು ಎಂದು ಹಲವರು ಹೇಳಿದ್ದರಿಂದಲೇ ಅದನ್ನು ಆರಿಸಿಕೊಂಡಿದ್ದೆ. ಜೋಡಣೆ ಮುಗಿಸಿ ಮೇಜಿನ ಮೇಲೆ ಇಟ್ಟಿದ್ದ ರೋಬೋಟನ್ನು ಎರಡು ದಿನಗಳ ನಂತರ ನೋಡಿದಾಗ, ಹೆಚ್ಚು ಕಡಿಮೆ ಪ್ರತಿಯೊಂದು ತಿರುಪಿನ ಸುತ್ತಲೂ ಕೂದಲೆಳೆಯಂಥ ಬಿರುಕುಗಳು ಎದ್ದಿದ್ದವು. ಅದನ್ನು ಒಮ್ಮೆಯೂ ನಡೆಸಿರಲಿಲ್ಲ, ಅದು ಎಲ್ಲಿಂದಲೂ ಬಿದ್ದಿರಲಿಲ್ಲ.

ನನ್ನ ಎರಡನೆಯ ಕಷ್ಟವನ್ನೂ ಇಲ್ಲಿಯೇ ಹೇಳುತ್ತೇನೆ. ಇದೇ ಪ್ರಶ್ನೆಯನ್ನು ಬೇರೆ ಮೂರು ಕಡೆ ಕೇಳಿದಾಗ ಹನ್ನೆರಡು ಉತ್ತರಗಳು ಬಂದವು. ಅವುಗಳಲ್ಲಿ ಐದು ಉತ್ತರಗಳು ಒಂದೊಂದು ಕೊಂಡಿಯಲ್ಲಿ ಕೊನೆಗೊಂಡವು. ‘ವಿಮಾನ ದರ್ಜೆಯ ಹಾಳೆ’, ‘ವೃತ್ತಿಪರರು ಮಾತ್ರ ಬಳಸುವ ಮಿಶ್ರಲೋಹ’ ಎಂಬಂಥ ಮಾತುಗಳೇ ಅಲ್ಲಿದ್ದವು. ಯಾವುದು ಕೈಯಾರೆ ಕಟ್ಟಿ ನೋಡಿದವರ ಸಲಹೆ, ಯಾವುದು ಸಲಹೆಯ ವೇಷದ ಜಾಹೀರಾತು ಎಂಬುದನ್ನು ನನಗೆ ಬೇರ್ಪಡಿಸಲಾಗಲಿಲ್ಲ. ಎರಡೂ ವಿಷಯಗಳಲ್ಲಿ ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಹೊಸಹಾದಿ_27

ಬಹಳ ಉಪಯುಕ್ತವಾದ ಪ್ರಶ್ನೆಯನ್ನು ಕೇಳಿದ್ದೀರಿ. ರೋಬೋಟ್ ನಿರ್ಮಾಣದಲ್ಲಿ ಸರಿಯಾದ ವಸ್ತುವಿನ ಆಯ್ಕೆ ಅತ್ಯಂತ ಮಹತ್ವದ್ದು. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಮತ್ತು ಮರ, ಪ್ರತಿಯೊಂದಕ್ಕೂ ತನ್ನದೇ ಆದ ಅನುಕೂಲ ಮತ್ತು ಅನನುಕೂಲಗಳಿವೆ. ಗುಣಮಟ್ಟದ ಹಾಳೆಗಳನ್ನು ಬಳಸಿದರೆ ಸಮಸ್ಯೆ ಶಾಶ್ವತವಾಗಿ ಪರಿಹಾರವಾಗುತ್ತದೆ. ನಾನು ಬಳಸುವ ಹಾಳೆಗಳು ಇಲ್ಲಿ ದೊರೆಯುತ್ತವೆ: ‘ಕೊಂಡಿಯನ್ನು ನಿರ್ವಾಹಕರು ತೆಗೆದಿದ್ದಾರೆ’.

ಗರಗಸ_ಅರ

ಆರುಕಾಲಿ ಅವರೇ, ವಸ್ತುವನ್ನು ಬದಲಿಸುವ ಮಾತಿಗೆ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ತಿರುಪುಗಳು ಸಡಿಲವಾಗದಂತೆ ಏನನ್ನಾದರೂ ಹಚ್ಚಿದ್ದೀರಾ? ತೂತುಗಳ ಅಳತೆ ಎಷ್ಟು? ತಿರುಪಿನ ತಲೆ ಚಪ್ಪಟೆಯೇ, ಇಳಿಜಾರಾಗಿ ಒಳಗೆ ಕೂರುವಂಥದ್ದೇ? ಕತ್ತರಿಸುವಾಗ ಎಣ್ಣೆ ಹಾಕಿದ್ದಿರಾ?

ಆರುಕಾಲಿ

ಸರ್ವೋಗಳ ನಡುಕಕ್ಕೆ ತಿರುಪುಗಳು ಸಡಿಲವಾಗುತ್ತವೆ ಎಂದು ಓದಿದ್ದೆ. ಆದ್ದರಿಂದ ಪ್ರತಿಯೊಂದಕ್ಕೂ ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ಹನಿ ಹಚ್ಚಿದ್ದೆ. ತೂತುಗಳು ಸರಿಯಾಗಿ 3 ಮಿಮೀ ಇವೆ, ತಿರುಪುಗಳನ್ನು ತಿರುಗಿಸಿಯೇ ಒಳಗೆ ಕೂರಿಸಬೇಕಾಯಿತು. ತಲೆಗಳು ಇಳಿಜಾರಿನವು. ಎಣ್ಣೆಯನ್ನು ಬಳಸಿಲ್ಲ.

ಗರಗಸ_ಅರ

ಹಾಗಿದ್ದರೆ ಕಾರಣ ಸಿಕ್ಕಿದಂತಾಯಿತು. ಹಾಳೆಯಲ್ಲಿ ದೋಷವಿಲ್ಲ, ಆ ನೀಲಿ ಹನಿಯೇ ಅದನ್ನು ಬಿರಿಯಿಸಿದೆ.

ಥ್ರೆಡ್‌ಲಾಕರ್ ಗಾಳಿಯಿಲ್ಲದ ಜಾಗದಲ್ಲಿ, ಲೋಹದ ಸಂಪರ್ಕದಿಂದ ಗಟ್ಟಿಯಾಗುವ ಅಂಟು. ಲೋಹದ ತಿರುಪು ಲೋಹದ ನಟ್‌ನೊಳಗೆ ಕೂತಾಗ ಅದು ಸರಿಯಾಗಿ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ತೂತಿನಲ್ಲಿ ಹೆಚ್ಚಿನ ಭಾಗ ದ್ರವವಾಗಿಯೇ ಉಳಿದು ಪ್ಲಾಸ್ಟಿಕ್‌ನೊಳಗೆ ಇಳಿಯುತ್ತದೆ. ಪಾಲಿಕಾರ್ಬೊನೇಟ್, ಅಕ್ರಿಲಿಕ್, ಎಬಿಎಸ್ ಈ ಮೂರು ಪ್ಲಾಸ್ಟಿಕ್‌ಗಳಲ್ಲೂ ಅಣುಸರಪಣಿಗಳು ಸ್ಫಟಿಕದಂತೆ ಅಚ್ಚುಕಟ್ಟಾಗಿ ಜೋಡಣೆಗೊಂಡಿರುವುದಿಲ್ಲ. ಅವು ಎಳೆತಕ್ಕೆ ಸಿಕ್ಕಿರುವಾಗ ಇಂಥ ದ್ರವ ತಗುಲಿದರೆ ಸರಪಣಿಗಳು ಒಂದರಿಂದ ಒಂದು ಜಾರಿ ಬಿರುಕು ಹುಟ್ಟುತ್ತದೆ. ದ್ರವವೊಂದೇ ಇದ್ದರೆ, ಅಥವಾ ಎಳೆತವೊಂದೇ ಇದ್ದರೆ, ಬಹುಶಃ ಏನೂ ಆಗುತ್ತಿರಲಿಲ್ಲ. ನಿಮ್ಮಲ್ಲಿ ಎರಡೂ ಕೂಡಿವೆ: 3 ಮಿಮೀ ತೂತಿಗೆ ಎಂ3 ತಿರುಪನ್ನು ಒತ್ತಿ ಕೂರಿಸಿದ್ದೀರಿ, ಅದರ ಮೇಲೆ ಇಳಿಜಾರು ತಲೆಯು ಮರ ಸೀಳುವ ಬೆಣೆಯಂತೆ ತೂತಿನ ಬಾಯಿಯನ್ನು ಹೊರಕ್ಕೆ ತಳ್ಳುತ್ತಿದೆ.

ಬಿರುಕು ಬಿಟ್ಟ ಭಾಗಗಳು ಮತ್ತೆ ಸರಿಹೋಗುವುದಿಲ್ಲ, ಅವುಗಳನ್ನು ತೆಗೆದುಹಾಕಿ. ಹೊಸದಾಗಿ ಮಾಡುವಾಗ ತೂತು 3.2 ರಿಂದ 3.4 ಮಿಮೀ ಇರಲಿ, ಚಪ್ಪಟೆ ತಲೆಯ ತಿರುಪಿನ ಕೆಳಗೆ ಅಗಲವಾದ ವಾಷರ್ ಇರಲಿ, ಸಡಿಲಾಗದಿರಲು ಒಳಗೆ ನೈಲಾನ್ ಬಳೆಯಿರುವ ಲಾಕ್ ನಟ್ ಬಳಸಿ. ಒಳಮೂಲೆಗಳನ್ನು ಚೂಪಾಗಿ ಬಿಡದೆ ಅರದಿಂದ ದುಂಡಗೆ ಉಜ್ಜಿ. ನನ್ನ ಮಾತನ್ನೂ ಹಾಗೆಯೇ ನಂಬಬೇಡಿ. ಉಳಿದ ಹಾಳೆಯಿಂದ ಎರಡು ಪಟ್ಟಿಗಳನ್ನು ಕತ್ತರಿಸಿ, ಎರಡನ್ನೂ ಒಂದೇ ಪ್ರಮಾಣದಲ್ಲಿ ಬಾಗಿಸಿ ಕ್ಲ್ಯಾಂಪ್ ಹಾಕಿ, ಒಂದರ ಉಬ್ಬಿದ ಮೈಗೆ ಮಾತ್ರ ಆ ದ್ರವವನ್ನು ಹಚ್ಚಿ, ಒಂದು ರಾತ್ರಿ ಬಿಟ್ಟು ನೋಡಿ.

ಮರದ_ಮೈ

ಅಕ್ರಿಲಿಕ್‌ಗೂ ಇದೇ ಗತಿ ಎಂಬುದನ್ನು ನಾನು ನಷ್ಟಪಟ್ಟು ಕಲಿತೆ. ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ತಟ್ಟೆಯ ಅಂಚಿನ ಮಸಿಯನ್ನು ಆಲ್ಕೋಹಾಲ್‌ನಿಂದ ಒರೆಸಿದ್ದೆ. ಲೇಸರಿನ ಶಾಖದಿಂದ ಅಂಚಿನಲ್ಲಿ ಉಳಿದಿದ್ದ ಒಳಎಳೆತಕ್ಕೆ ಆಲ್ಕೋಹಾಲ್ ಸೇರಿ, ಅಂಚಿನುದ್ದಕ್ಕೂ ಸಣ್ಣ ಬಿರುಕುಗಳ ಸಾಲು ಎದ್ದಿತು. ಸಾಬೂನು ನೀರಷ್ಟೇ ಸಾಕಿತ್ತು.

ಮೈತಟ್ಟೆಗೆ ಏನು ಬಳಸುವಿರಿ ಎಂದು ನೀವು ಹೇಳಿಲ್ಲ. ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಪ್ಲೈವುಡ್‌ಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. 20 ಸೆಂಮೀ ಅಗಲ, 30 ಸೆಂಮೀ ಉದ್ದದ ತಟ್ಟೆಯನ್ನೇ ತೆಗೆದುಕೊಳ್ಳಿ. 2 ಮಿಮೀ ಅಲ್ಯೂಮಿನಿಯಂ ಆದರೆ ಅದು ಸುಮಾರು 324 ಗ್ರಾಂ ತೂಗುತ್ತದೆ, 6 ಮಿಮೀ ಬರ್ಚ್ ಪ್ಲೈವುಡ್ ಆದರೆ ಸುಮಾರು 240 ಗ್ರಾಂ. ಹಗುರವಾದ ಆ ಪ್ಲೈವುಡ್ಡೇ ಬಾಗುವುದಕ್ಕೆ ಹೆಚ್ಚು ಪ್ರತಿರೋಧ ಒಡ್ಡುತ್ತದೆ. ತಟ್ಟೆಯ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ: ದಪ್ಪ ಮೂರು ಪಟ್ಟಾದರೆ ಬಿಗಿತ 27 ಪಟ್ಟಾಗುತ್ತದೆ. ಆದರೆ 3 ಮಿಮೀ, ಮೂರು ಪದರದ ಪ್ಲೈ ಬಳಸುವವರು ಎಚ್ಚರದಿಂದಿರಬೇಕು. ಹೊರಪದರಗಳ ಎಳೆ ಯಾವ ಕಡೆಗಿದೆಯೋ ಆ ಕಡೆಗೆ ಅದು ಗಟ್ಟಿ, ಅಡ್ಡ ಎಳೆಯ ದಿಕ್ಕಿನಲ್ಲಿ ಬಲು ಮೆತ್ತಗೆ.

ಪದರಪದರ

ಮೂರು ಆಯಾಮದ ಮುದ್ರಣದ ಬಗ್ಗೆ ಯಾರೂ ಮಾತೆತ್ತದಿರುವುದು ಆಶ್ಚರ್ಯ. ಕಾಲಿನಂಥ ವಕ್ರ ಆಕಾರಗಳನ್ನು ಹಾಳೆಯಿಂದ ಕೊರೆಯುವುದಕ್ಕಿಂತ ಮುದ್ರಿಸುವುದೇ ಸುಲಭ.

ಗರಗಸ_ಅರ

ಸುಲಭವೆಂಬುದು ನಿಜ, ಬಾಳಿಕೆಯ ಮಾತೇ ಬೇರೆ. ಮುದ್ರಣಕ್ಕೆ ಬಳಸುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಮೆತ್ತಗಾಗುತ್ತದೆ. ನಿರಂತರವಾಗಿ ಭಾರ ಹೊತ್ತು ನಿಲ್ಲುವ ಸರ್ವೋ ಬಿಸಿಯಾದಾಗ ಅದನ್ನು ಹಿಡಿದಿರುವ ಪಿಎಲ್ಎ ಭಾಗ ನಿಧಾನವಾಗಿ ಸೊಟ್ಟಗಾಗುವುದನ್ನು ನಾನು ಕಂಡಿದ್ದೇನೆ.

ಪದರಪದರ

ಅದನ್ನು ಒಪ್ಪುತ್ತೇನೆ, ಆದರೆ ಅದು ಪಿಎಲ್ಎಯ ಮಿತಿಯೇ ಹೊರತು ಮುದ್ರಣದ ಮಿತಿಯಲ್ಲ. ಪಿಇಟಿಜಿ ಸುಮಾರು 80 ಡಿಗ್ರಿಯವರೆಗೂ, ಎಬಿಎಸ್ ಸುಮಾರು 100 ಡಿಗ್ರಿಯವರೆಗೂ ತಡೆದುಕೊಳ್ಳುತ್ತವೆ. ಪಿಎಲ್ಎ ಬಳಸಿದವರಿಗೆ ಕಾಡುವ ಇನ್ನೊಂದು ತೊಂದರೆಯನ್ನೂ ನಾನೇ ಸೇರಿಸುತ್ತೇನೆ: ಬಿಗಿದ ಬೋಲ್ಟಿನ ಒತ್ತಡಕ್ಕೆ ಅದು ದಿನ ಕಳೆದಂತೆ ನಿಧಾನವಾಗಿ ಜರುಗಿ ತೆಳುವಾಗುತ್ತದೆ, ಒಂದು ತಿಂಗಳ ನಂತರ ನೋಡಿದರೆ ಬಿಗಿತ ಮಾಯವಾಗಿರುತ್ತದೆ. ಬಿಸಿ ಮಾಡಿ ಒಳಗೆ ಕೂರಿಸುವ ಹಿತ್ತಾಳೆಯ ಒಳತಿರುಪುಗಳನ್ನು ಬಳಸಿದರೆ ಪದೇಪದೇ ಬಿಚ್ಚಿ ಜೋಡಿಸುವಾಗ ತೂತು ಸವೆಯುವುದಿಲ್ಲ.

ಮುದ್ರಿತ ಭಾಗಗಳು ಮುರಿಯುವುದು ಹೆಚ್ಚಾಗಿ ಪದರಗಳ ನಡುವೆ. ಆದ್ದರಿಂದ ಕಾಲಿನ ಭಾಗವನ್ನು ನಿಲ್ಲಿಸಿ ಮುದ್ರಿಸದೆ ಮಲಗಿಸಿ ಮುದ್ರಿಸಬೇಕು. ಆಗ ಬಾಗಿಸುವ ಬಲವು ಪದರಗಳ ಉದ್ದಕ್ಕೆ ಹಾಯುತ್ತದೆ. ಒಳಗಿನ ಜಾಲರಿಯನ್ನು ದಟ್ಟಗೊಳಿಸುವುದಕ್ಕಿಂತ ಹೊರಗೋಡೆಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಬಾಗುವಾಗ ಹೊರಮೈಯೇ ಹೆಚ್ಚಿನ ಬಲವನ್ನು ಹೊರುತ್ತದೆ.

ಮೊದಲ_ಚಕ್ರ

ನಾನು ಈ ದಿನವೇ ಇಲ್ಲಿಗೆ ಸೇರಿದ್ದೇನೆ. ನೀವೆಲ್ಲ ಕಾರ್ಬನ್ ಫೈಬರ್ ಹಾಳೆಯನ್ನು ಏಕೆ ಮರೆತಿದ್ದೀರಿ? ಅದಕ್ಕಿಂತ ಉತ್ತಮವಾದ ವಸ್ತು ಬೇರೊಂದಿಲ್ಲ. ಒಮ್ಮೆ ಅದನ್ನು ಬಳಸಿದರೆ ನೀವು ಮತ್ತೆ ಯಾವುದನ್ನೂ ಮುಟ್ಟುವುದಿಲ್ಲ. ಎಲ್ಲರೂ ಅದನ್ನೇ ಕೊಳ್ಳಬೇಕು.

ತೂಕದ_ಲೆಕ್ಕ

ನಿರ್ವಾಹಕರ ಗಮನಕ್ಕೆ: ಮೇಲಿನ ಬರಹ ಸ್ಪ್ಯಾಮ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಖಾತೆ ತೆರೆದ ದಿನವೇ ಮೊದಲ ಬರಹ, ಒಂದೂ ಅಂಕಿಯಿಲ್ಲ, ಬರೀ ಹೊಗಳಿಕೆ, ಕೊಳ್ಳಿರೆಂಬ ಒತ್ತಾಯ. ತಕ್ಷಣ ತೆಗೆದುಹಾಕಬೇಕು.

ಗರಗಸ_ಅರ

ಸ್ವಲ್ಪ ತಾಳಿ. ಆರುಕಾಲಿ ಅವರಿಗೆ ಕೇಳಿದ ರೀತಿಯಲ್ಲಿಯೇ ಇವರನ್ನೂ ಕೇಳೋಣ. ಮೊದಲ_ಚಕ್ರ ಅವರೇ, ನೀವು ಬಳಸಿದ ಹಾಳೆ ಎಷ್ಟು ದಪ್ಪ, ಅದನ್ನು ಹೇಗೆ ಕತ್ತರಿಸಿದಿರಿ, ಅದರಿಂದ ನಿಮಗೆ ಆದ ತೊಂದರೆ ಏನು?

ಮೊದಲ_ಚಕ್ರ

ನನ್ನ ಮಾತು ಜಾಹೀರಾತಿನಂತೆ ಕೇಳಿಸಿದ್ದಕ್ಕೆ ಬೇಸರವಾಗಿದೆ. ಉತ್ಸಾಹದಲ್ಲಿ ಬರೆದುಬಿಟ್ಟೆ. ಹಾಳೆ 2 ಮಿಮೀ ದಪ್ಪದ್ದು. ಲೋಹದ ಗರಗಸದಲ್ಲಿ ಕತ್ತರಿಸಿದೆ, ಮೊದಲ ದಿನ ಒಣದಾಗಿಯೇ ಕತ್ತರಿಸಿ, ಕೈಗೆಲ್ಲ ಕಪ್ಪು ಪುಡಿ ಮೆತ್ತಿ, ಎರಡು ದಿನ ನವೆಯಾಯಿತು. ಆಮೇಲೆ ಮುಖಗವಸು ಧರಿಸಿ, ಹಾಳೆಗೆ ನೀರು ಸುರಿಯುತ್ತಾ ಕತ್ತರಿಸಿದೆ.

ತೊಂದರೆಗಳು ಎರಡು ಆದವು. ನನ್ನ ನಾಲ್ಕು ಚಕ್ರದ ಗಾಡಿಯಲ್ಲಿ 2.4 ಗಿಗಾಹರ್ಟ್ಸ್ ರಿಸೀವರನ್ನು ಎರಡು ತಟ್ಟೆಗಳ ನಡುವೆ ಇಟ್ಟಿದ್ದೆ, ಐದಾರು ಮೀಟರ್ ದೂರ ಹೋಗುತ್ತಲೇ ಗಾಡಿ ನನ್ನ ಮಾತು ಕೇಳುವುದನ್ನು ನಿಲ್ಲಿಸುತ್ತಿತ್ತು. ಆಂಟೆನಾವನ್ನು ಹೊರಗೆ ತೆಗೆದ ಮೇಲೆ ಸರಿಹೋಯಿತು. ಎರಡನೆಯದು ಇನ್ನೂ ಗಂಭೀರ: ಬ್ಯಾಟರಿಯ ತಂತಿಯ ಹೊದಿಕೆ ತಟ್ಟೆಯ ಅಂಚಿಗೆ ಉಜ್ಜಿ ಹರಿದು, ತಟ್ಟೆಯ ಮೂಲಕವೇ ಶಾರ್ಟ್ ಆಗಿ ಹೊಗೆ ಎದ್ದಿತು. ಆ ಹಾಳೆಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ತೂಕದ_ಲೆಕ್ಕ

ಮೊದಲ_ಚಕ್ರ ಅವರಲ್ಲಿ ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇನೆ. ಕೈ ನವೆಯ ವಿವರವನ್ನು ಓದಿದಾಗಲೇ ನನ್ನ ತಪ್ಪು ನನಗೆ ಅರಿವಾಯಿತು. ಆ ಹಾಳೆಯನ್ನು ಮಾರುವವರು ಹೊಗೆ ಎದ್ದದ್ದನ್ನು ಹೇಳಲಾರರು. ಖಾತೆಯ ವಯಸ್ಸನ್ನು ನೋಡಿ ತೀರ್ಪು ಕೊಟ್ಟೆ, ಹೊಸಬರೆಲ್ಲರೂ ಒಂದು ದಿನ ಮೊದಲ ಬರಹ ಬರೆಯಲೇಬೇಕಲ್ಲವೇ ಎಂಬುದನ್ನು ಯೋಚಿಸಲಿಲ್ಲ.

ಗರಗಸ_ಅರ

ಅಂಥ ಬಿಗಿತವೇ ಬೇಕು, ರೇಡಿಯೋ ಸಂಕೇತಕ್ಕೆ ಮಾತ್ರ ತಡೆಯಾಗಬಾರದು ಎನ್ನುವವರಿಗೆ ಎಫ್ಆರ್4 ಎಂಬ ಗಾಜಿನ ನಾರಿನ ಎಪಾಕ್ಸಿ ಹಾಳೆಯಿದೆ. ವಿದ್ಯುತ್ ಮಂಡಲಗಳ ಹಲಗೆಗಳನ್ನು ಮಾಡುವುದು ಅದರಿಂದಲೇ. ಕಾರ್ಬನ್‌ನಷ್ಟು ಬಿಗಿಯಲ್ಲ, ಆದರೆ ವಿದ್ಯುತ್ ಹರಿಯುವುದಿಲ್ಲ. ಅದರ ಪುಡಿಯೂ ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಗವಸನ್ನು ತೆಗೆಯಬೇಡಿ. ಕಾರ್ಬನ್ ಹಾಳೆಗೆ ಅಲ್ಯೂಮಿನಿಯಂ ಭಾಗವನ್ನು ನೇರವಾಗಿ ಬಿಗಿದು ತೇವದಲ್ಲಿ ಓಡಿಸುವವರು ನಡುವೆ ಪ್ಲಾಸ್ಟಿಕ್ ವಾಷರ್ ಹಾಕಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಬೇಗ ತುಕ್ಕು ಹಿಡಿದು ಸವೆಯುತ್ತದೆ.

ನಿರ್ವಾಹಕ_2

ಈ ಚರ್ಚೆಯಲ್ಲಿ ಇದುವರೆಗೆ ಎರಡು ಖಾತೆಗಳನ್ನು ಮುಚ್ಚಿದ್ದೇವೆ. ಮೊದಲ_ಚಕ್ರ ಅವರದು ಅವುಗಳಲ್ಲಿ ಇಲ್ಲ. ಆರುಕಾಲಿ ಅವರ ಎರಡನೆಯ ಪ್ರಶ್ನೆಗೆ ಇದರಿಂದ ಉತ್ತರ ಸಿಗಬಹುದಾದ್ದರಿಂದ ಕಾರಣಗಳನ್ನು ವಿವರಿಸುತ್ತೇನೆ.

ಮೊದಲನೆಯದು ಹೊಸಹಾದಿ_27. ಆ ಬರಹವನ್ನು ಇನ್ನೊಮ್ಮೆ ಓದಿ: ಪಾಲಿಕಾರ್ಬೊನೇಟ್ ಎಂಬ ಪದವೇ ಅದರಲ್ಲಿಲ್ಲ. ಆರು ಕಾಲು, 18 ಸರ್ವೋ, ಎರಡು ದಿನ, ತಿರುಪಿನ ಸುತ್ತಲ ಬಿರುಕು, ಇವುಗಳಲ್ಲಿ ಒಂದನ್ನೂ ಅದು ಮುಟ್ಟುವುದಿಲ್ಲ. ಅದೇ ಬರಹವನ್ನು ಯಾವುದೇ ರೋಬೋಟಿನ ಯಾವುದೇ ಪ್ರಶ್ನೆಯ ಕೆಳಗೆ ಅಂಟಿಸಿದರೂ ಹೊಂದಿಕೊಳ್ಳುತ್ತದೆ. ಖಾತೆಯು ಎರಡು ವರ್ಷ ಹಳೆಯದು, ತೆರೆದ ಮೇಲೆ ಒಂದು ಸಾಲನ್ನೂ ಬರೆಯದೆ ಸುಮ್ಮನಿತ್ತು. ಹೀಗೆ ಖಾತೆಗಳನ್ನು ಹಳತಾಗಿಸಿ ಇಟ್ಟುಕೊಳ್ಳುವುದು ವಾಡಿಕೆಯಾಗಿರುವುದರಿಂದ ವಯಸ್ಸೊಂದನ್ನೇ ನೋಡುವುದು ಎರಡೂ ದಿಕ್ಕಿನಲ್ಲಿ ತಪ್ಪುದಾರಿಗೆ ಎಳೆಯುತ್ತದೆ.

ಎರಡನೆಯ ಖಾತೆಯ ಬರಹವನ್ನು ನೀವು ನೋಡಿರಲಾರಿರಿ, ಕೆಲವೇ ನಿಮಿಷಗಳಲ್ಲಿ ತೆಗೆದೆವು. ಅದು ಮರದ_ಮೈ ಅವರ ಪ್ಲೈವುಡ್ ಟಿಪ್ಪಣಿಯ ನಕಲಾಗಿತ್ತು, ಅಲ್ಲಲ್ಲಿ ಪದಗಳನ್ನು ಸಮಾನಾರ್ಥಕಗಳಿಂದ ಬದಲಿಸಲಾಗಿತ್ತು. ‘ಅಡ್ಡ ಎಳೆ’ ಎಂದಿದ್ದಲ್ಲಿ ‘ಅಡ್ಡ ದಾರ’ ಎಂದು ಬರೆದಿತ್ತು. ಮರವನ್ನು ಕತ್ತರಿಸಿ ಬಲ್ಲವರು ಮರದ ಎಳೆಯನ್ನು ದಾರ ಎನ್ನುವುದಿಲ್ಲ. ಅದರಲ್ಲಿ ಕೊಂಡಿಯೂ ಇರಲಿಲ್ಲ. ಇಂಥ ಬರಹಗಳಲ್ಲಿ ಕೆಲವು ದಿನಗಳ ನಂತರ, ಚರ್ಚೆ ತಣ್ಣಗಾದ ಮೇಲೆ, ತಿದ್ದುಪಡಿಯ ಮೂಲಕ ಕೊಂಡಿಯನ್ನು ಸೇರಿಸುತ್ತಾರೆ.

ಪದರಪದರ

ಸ್ಪ್ಯಾಮ್ ಎಂಬುದು ಹೊಸ ರೋಗವೇನಲ್ಲ. 1978ರ ಮೇ ತಿಂಗಳಲ್ಲಿ ಕಂಪ್ಯೂಟರ್ ಕಂಪನಿಯೊಂದರ ಮಾರಾಟ ವಿಭಾಗದವರು ಇಂಟರ್ನೆಟ್‌ನ ಪೂರ್ವರೂಪವಾದ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಕೇಳದೆಯೇ ಜಾಹೀರಾತು ಕಳುಹಿಸಿದ್ದನ್ನು ಮೊದಲ ಸ್ಪ್ಯಾಮ್ ಎಂದು ಗುರುತಿಸುತ್ತಾರೆ. ಆದರೆ ಅದು ತಾನು ಜಾಹೀರಾತೆಂಬುದನ್ನು ಮುಚ್ಚಿಡಲಿಲ್ಲ. ಈಗಿನದು ಅನುಭವದ ವೇಷ ಧರಿಸಿ ಬರುತ್ತದೆ, ನನಗೆ ಹೆಚ್ಚು ನೋವಾಗುವುದು ಅದಕ್ಕೇ. ಅದನ್ನು ನಂಬಿ ಯಾರಾದರೂ ಪಿವಿಸಿ ಹಾಳೆಯನ್ನು ‘ಲೇಸರ್‌ಗೆ ಸೂಕ್ತ’ ಎಂದು ಕೊಂಡು ಯಂತ್ರಕ್ಕೆ ಹಾಕಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮುತ್ತದೆ. ಅದು ಯಂತ್ರದ ಲೋಹವನ್ನೂ ಹತ್ತಿರ ನಿಂತವರ ಶ್ವಾಸಕೋಶವನ್ನೂ ಸುಡುತ್ತದೆ.

ಮರದ_ಮೈ

ಮಾರುವವರೆಲ್ಲರೂ ಸ್ಪ್ಯಾಮ್ ಮಾಡುವವರಲ್ಲ ಎಂಬುದನ್ನೂ ಹೇಳಬೇಕು. ತಾನು ಮಾರಾಟಗಾರ ಎಂದು ಮೊದಲೇ ತಿಳಿಸಿ, ಮಿಶ್ರಲೋಹದ ಸಂಖ್ಯೆಯನ್ನೂ ದಪ್ಪದ ಏರುಪೇರನ್ನೂ ಸರಿಯಾಗಿ ಹೇಳುವವರಿಂದ ನಾನು ಬಹಳ ಕಲಿತಿದ್ದೇನೆ.

ತೂಕದ_ಲೆಕ್ಕ

ಒಪ್ಪುತ್ತೇನೆ. ‘ವಿಮಾನ ದರ್ಜೆ’ ಎಂಬ ಮಾತಿನ ಹಿಂದೆ ಸಂಖ್ಯೆಯೊಂದು ಇರಲೇಬೇಕು. ಅದು 6061-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹವಾಗಿದ್ದರೆ ಗಟ್ಟಿ, ಕೊರೆಯಲು ಉತ್ತಮ, ಆದರೆ ಚೂಪಾದ ಮೂಲೆಗೆ ಬಾಗಿಸಿದರೆ ಬಿರಿಯುತ್ತದೆ. 5052 ಆಗಿದ್ದರೆ ಅಷ್ಟು ಗಟ್ಟಿಯಲ್ಲ, ಬಾಗಿಸಲು ಹೇಳಿ ಮಾಡಿಸಿದಂತಿದೆ. ಸಂಖ್ಯೆಯನ್ನು ಕೇಳಿದಾಗ ವಿಶೇಷಣಗಳನ್ನೇ ಇನ್ನೊಮ್ಮೆ ಹೇಳುವವರನ್ನು ಬಿಟ್ಟು ಮುಂದೆ ಹೋಗಿ.

ಇನ್ನು ನಿಮ್ಮ ಕಾಲುಗಳ ವಿಷಯ. 55 ಗ್ರಾಂ ತೂಕದ ಸಾಮಾನ್ಯ ಲೋಹದ ಗೇರಿನ ಸರ್ವೋಗಳಾದರೆ 18ಕ್ಕೆ 990 ಗ್ರಾಂ ಆಯಿತು. ಬ್ಯಾಟರಿ, ತಟ್ಟೆ ಎಲ್ಲ ಸೇರಿ 2.2 ಕೆಜಿ ಎಂದಿಟ್ಟುಕೊಳ್ಳೋಣ. ಮೂರು ಕಾಲುಗಳ ಮೇಲೆ ನಿಂತು ಮೂರನ್ನು ಎತ್ತುವ ನಡಿಗೆಯಲ್ಲಿ ಕಾಲೊಂದಕ್ಕೆ 0.73 ಕೆಜಿ. ಪಾದವು ಕೀಲಿನಿಂದ 10 ಸೆಂಮೀ ದೂರವಿದ್ದರೆ 7.3 ಕೆಜಿ-ಸೆಂಮೀ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು. ಅಂಥ ಸರ್ವೋದ ಘೋಷಿತ ಟಾರ್ಕ್ 4.8 ವೋಲ್ಟ್‌ನಲ್ಲಿ 9.4. ಆದ್ದರಿಂದ ಕಷ್ಟವಿಲ್ಲ.

ಗರಗಸ_ಅರ

ಈ ಲೆಕ್ಕವನ್ನು ತಿದ್ದಲೇಬೇಕು. ನೆಲದ ಮೇಲಿರುವ ಮೂರು ಕಾಲುಗಳಲ್ಲಿ ಎರಡು ಒಂದು ಬದಿಯಲ್ಲಿ, ಒಂದು ಇನ್ನೊಂದು ಬದಿಯಲ್ಲಿ ಇರುತ್ತವೆ. ಭಾರ ನಡುಗೆರೆಯ ಮೇಲಿದ್ದರೆ ಒಂಟಿಯಾಗಿರುವ ನಡುಗಾಲು ಅರ್ಧ ತೂಕವನ್ನು ಹೊರುತ್ತದೆ, ಉಳಿದೆರಡು ಕಾಲುಗಳು ತಲಾ ನಾಲ್ಕನೆಯ ಒಂದು ಭಾಗವನ್ನು ಹೊರುತ್ತವೆ. ಅಂದರೆ ನಡುಗಾಲಿನ ಕೀಲಿಗೆ 1.1 ಕೆಜಿ, 11 ಕೆಜಿ-ಸೆಂಮೀ. ಘೋಷಿತ 9.4 ಎಂಬುದು ಸರ್ವೋ ತಡೆದು ನಿಂತುಬಿಡುವ ಮಿತಿ, ಅದರ ಅರ್ಧಕ್ಕಿಂತ ಹೆಚ್ಚನ್ನು ನಿರಂತರವಾಗಿ ಬೇಡಿದರೆ ಅದು ಸುಟ್ಟುಹೋಗಬಹುದು. ಹಾಳೆಯ ಆಯ್ಕೆ ಇಲ್ಲಿ ಮುಖ್ಯವಾಗುತ್ತದೆ: ಉಳಿಸಿದ ಪ್ರತಿ 100 ಗ್ರಾಂನಿಂದ ನಡುಗಾಲಿನ ಹೊರೆ 0.5 ಕೆಜಿ-ಸೆಂಮೀ ಇಳಿಯುತ್ತದೆ.

ತೂಕದ_ಲೆಕ್ಕ

ನೀವು ಹೇಳಿದ್ದೇ ಸರಿ, ಮೂರರಿಂದ ಭಾಗಿಸಿದ್ದು ನನ್ನ ಅವಸರ. ಆರುಕಾಲಿ ಅವರೇ, ಪಾದವನ್ನು ಕೀಲಿನ ಹತ್ತಿರಕ್ಕೆ, 6 ಸೆಂಮೀಗೆ ತಂದರೆ ಅದೇ ಹೊರೆ 6.6ಕ್ಕೆ ಇಳಿಯುತ್ತದೆ. ಹೆಚ್ಚು ಬಲದ ಸರ್ವೋಗಳನ್ನು ನಡುಗಾಲುಗಳಿಗೆ ಮಾತ್ರ ಹಾಕುವುದೂ ಒಂದು ದಾರಿ.

ಆರುಕಾಲಿ

ಪರೀಕ್ಷೆಯ ಫಲಿತಾಂಶವನ್ನು ತಿಳಿಸಲು ಬಂದಿದ್ದೇನೆ. ಎರಡು ಪಟ್ಟಿಗಳನ್ನು ಬಾಗಿಸಿ ರಾತ್ರಿಯಿಡೀ ಬಿಟ್ಟಿದ್ದೆ. ಏನೂ ಹಚ್ಚದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಗೆರೆಯೂ ಇಲ್ಲ. ನೀಲಿ ದ್ರವ ಹಚ್ಚಿದ ಪಟ್ಟಿ ಬೆಳಿಗ್ಗೆ ಎರಡು ತುಂಡಾಗಿತ್ತು. ಹೊಸಹಾದಿ_27 ಅವರ ಮಾತನ್ನು ನಂಬಿ ಹಾಳೆಯನ್ನು ಮಾತ್ರ ಬದಲಿಸಿ, ಅದೇ ದ್ರವವನ್ನು ಹಚ್ಚಿದ್ದರೆ, ಇನ್ನೆರಡು ದಿನಗಳಲ್ಲಿ ಅದೇ ಬಿರುಕುಗಳು ಮತ್ತೆ ಏಳುತ್ತಿದ್ದವು.

ಮೈಗೆ 6 ಮಿಮೀ ಪ್ಲೈವುಡ್ ತಟ್ಟೆಯೊಂದನ್ನು, ಅದರ ನಡುವೆ ದೊಡ್ಡ ತೂತುಗಳನ್ನು ಕೊರೆದು ಹಗುರಗೊಳಿಸಿ, ಬಳಸಲು ನಿರ್ಧರಿಸಿದ್ದೇನೆ. ತೊಡೆಯ ಭಾಗಗಳನ್ನು 5052 ತಗಡಿನಿಂದ ಬಾಗಿಸುತ್ತೇನೆ, ಪಾದಗಳನ್ನು ಪಿಇಟಿಜಿಯಲ್ಲಿ ಮಲಗಿಸಿ ಮುದ್ರಿಸುತ್ತೇನೆ. ಪಾದವು ಕೀಲಿನಿಂದ 6 ಸೆಂಮೀ ದೂರದಲ್ಲಿರುತ್ತದೆ, ನಡುಗಾಲುಗಳಿಗೆ ಹೆಚ್ಚು ಬಲದ ಸರ್ವೋ ಹಾಕುತ್ತೇನೆ. ಎಲ್ಲೆಡೆ ಲಾಕ್ ನಟ್ ಮತ್ತು ವಾಷರ್. ಒಂದೇ ಒಂದು ಪ್ರಶ್ನೆ ಉಳಿದಿದೆ: 2 ಮಿಮೀ ತಗಡನ್ನು ಎಷ್ಟು ಚೂಪಾಗಿ ಬಾಗಿಸಬಹುದು?

ಗರಗಸ_ಅರ

ಒಳತಿರುವಿನ ತ್ರಿಜ್ಯ 2 ಮಿಮೀಗಿಂತ ಕಡಿಮೆಯಾಗದಿರಲಿ. ತಗಡಿನ ಮೈಮೇಲೆ ಉದ್ದುದ್ದ ಕಾಣುವ ಸಣ್ಣ ಗೆರೆಗಳು ಅದನ್ನು ಲಟ್ಟಿಸಿದ ದಿಕ್ಕನ್ನು ತೋರಿಸುತ್ತವೆ, ಬಾಗಿನ ಗೆರೆಯು ಅವುಗಳಿಗೆ ಅಡ್ಡವಾಗಿ ಬರುವಂತೆ ನೋಡಿಕೊಳ್ಳಿ. ತೂತುಗಳನ್ನು ಬಾಗಿಸಿದ ಮೇಲೆ ಕೊರೆಯಿರಿ. ಮೊದಲು ಒಂದು ಚೂರಿನ ಮೇಲೆ ಮಾಡಿ ನೋಡಿ, ಆ ಚೂರಿನ ಚಿತ್ರವನ್ನು ಇಲ್ಲಿ ಹಾಕಿ.